ಗೆದ್ದ ರಾಜ್ಯವನ್ನೇ ವಿಭಜಿಸಲು ಹೊರಟ ಸನ್ಯಾಸಿ: ಸ್ವಾಮಿ ರಾಮಾನಂದ ತೀರ್ಥರ ಬದುಕು

ಸಿಕಂದರಾಬಾದ್: ಇಲ್ಲಿಗೆ ಸಮೀಪದ ಬೇಗಂಪೇಟೆಯಲ್ಲಿ ಸ್ವಾಮಿ ರಾಮಾನಂದ ತೀರ್ಥರ ಸ್ಮಾರಕವಿದೆ. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಇದು ಹೊಸ ಹೆಸರಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 17ರ ಧ್ವಜಾರೋಹಣದ ಭಾಷಣಗಳಲ್ಲಿ ಈ ಹೆಸರು ಬಂದೇ ಬರುತ್ತದೆ. ಆದರೆ ಆ ಭಾಷಣಗಳಲ್ಲಿ ಅವರ ಕಥೆ 1948ಕ್ಕೇ ಮುಗಿದುಹೋಗುತ್ತದೆ. ನಿಜವಾಗಿ ಯೋಚಿಸಬೇಕಾದ ಭಾಗ ಶುರುವಾಗುವುದೇ ಅಲ್ಲಿಂದ. ಹೈದರಾಬಾದ್ ರಾಜ್ಯಕ್ಕೆ ಜನರ ಸರ್ಕಾರ ಬೇಕೆಂದು ಹತ್ತು ವರ್ಷ ಹೋರಾಡಿದ ಈ ಮನುಷ್ಯ, ಆ ಸರ್ಕಾರ ಬಂದ ಮೇಲೆ ರಾಜ್ಯವೇ ಉಳಿಯಬಾರದು ಎಂಬ ನಿಲುವು ತಳೆದರು.

ಅವರ ಮೊದಲ ಹೆಸರು ವೆಂಕಟೇಶ ಭಗವಾನರಾವ್ ಖೇಡಗೀಕರ್. ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ಕನ್ನಡ ಮರಾಠಿ ಎರಡೂ ಬೆರೆತ ವಿಜಯಪುರ–ಕಲಬುರಗಿ ಸೀಮೆಯಲ್ಲಿ. ಓದು ಮುಗಿಸಿ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಅವರ ಬಳಿ ದುಡಿದರು. ಬಳಿಕ ನಿಜಾಮ್ ಸೀಮೆಯ ಹಿಪ್ಪರಗಿ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಯಲ್ಲಿ ಮೇಷ್ಟ್ರಾದರು. 1930ರ ದಶಕದ ಆರಂಭದಲ್ಲಿ ಸನ್ಯಾಸ ಸ್ವೀಕರಿಸಿದರೂ ಮಠ ಕಟ್ಟಲಿಲ್ಲ. ಕಾವಿ ತೊಟ್ಟುಕೊಂಡೇ ಪಾಠ ಹೇಳಿದರು, ಕಾವಿ ತೊಟ್ಟುಕೊಂಡೇ ಜೈಲಿಗೂ ಹೋದರು.

ಆಗಿನ ಹೈದರಾಬಾದ್ ದೇಶದ ಅತಿ ದೊಡ್ಡ ಸಂಸ್ಥಾನಗಳಲ್ಲಿ ಒಂದು. 16 ಜಿಲ್ಲೆ, ಸುಮಾರು ಒಂದೂವರೆ ಕೋಟಿ ಜನ. ತೆಲುಗು, ಮರಾಠಿ, ಕನ್ನಡ ಮಾತನಾಡುವ ಪ್ರಜೆಗಳು. ಆಡಳಿತದ ಭಾಷೆ ಮಾತ್ರ ಉರ್ದು. ಮಂತ್ರಿಗಳು ನಿಜಾಮರಿಗೆ ಉತ್ತರ ಕೊಡಬೇಕಿತ್ತೇ ಹೊರತು ಜನರಿಗಲ್ಲ. ರಾಜಕೀಯ ಸಭೆ ನಡೆಸಲು ಹತ್ತಾರು ನಿರ್ಬಂಧ. ಹೀಗಾಗಿ ಜನ ಸೇರಿದ್ದು ಭಾಷೆಯ ಹೆಸರಿನಲ್ಲಿ. ಆಂಧ್ರ ಮಹಾಸಭಾ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಹುಟ್ಟಿಕೊಂಡವು. ಹೊರಗೆ ಸಾಹಿತ್ಯ, ಶಿಕ್ಷಣದ ಮಾತು. ಒಳಗೆ ಹಕ್ಕಿನ ಮಾತು. ಮುಂದೆ ನಡೆದದ್ದಕ್ಕೆಲ್ಲ ಬೇರು ಇಲ್ಲಿದೆ.

1938ರಲ್ಲಿ ಈ ಮೂರೂ ಭಾಗದವರು ಸೇರಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪಿಸಲು ಹೊರಟರು. ಸಂಸ್ಥೆ ವಿಧಿವತ್ತಾಗಿ ಆರಂಭವಾಗುವ ಮೊದಲೇ, ಸೆಪ್ಟೆಂಬರ್‌ನಲ್ಲಿ ನಿಷೇಧ ಬಿತ್ತು. ಹುಟ್ಟುವ ಮುನ್ನವೇ ನಿಷೇಧಕ್ಕೊಳಗಾದ ಪಕ್ಷ ಎಂಬ ವಿಚಿತ್ರ ದಾಖಲೆ ಇದರದ್ದು. ಅಕ್ಟೋಬರ್ ಕೊನೆಯಲ್ಲಿ ಸತ್ಯಾಗ್ರಹ ಶುರುವಾಯಿತು, ತೀರ್ಥರು ಸೆರೆಮನೆ ಸೇರಿದರು. ಅದೇ ಹೊತ್ತಿಗೆ ಆರ್ಯ ಸಮಾಜದ ಸತ್ಯಾಗ್ರಹವೂ ನಡೆದಿತ್ತು. ರಾಜಕೀಯ ಹೋರಾಟಕ್ಕೆ ಧರ್ಮದ ಬಣ್ಣ ಹತ್ತಬಾರದೆಂದು ಗಾಂಧೀಜಿಯ ಸಲಹೆಯಂತೆ ಡಿಸೆಂಬರ್‌ನಲ್ಲಿ ಚಳವಳಿ ನಿಂತಿತು. ಸ್ವಾಮಿಯೊಬ್ಬರು ಮುಂದಾಳಾಗಿದ್ದ ಪಕ್ಷಕ್ಕೆ ಈ ಎಚ್ಚರ ಸುಲಭದ್ದಾಗಿರಲಿಲ್ಲ.

ನಿಷೇಧ ತೆರವಾಗಿದ್ದು 1946ರಲ್ಲಿ. ಅಧ್ಯಕ್ಷ ಸ್ಥಾನಕ್ಕೆ ತೀರ್ಥರು ಮತ್ತು ಬೂರ್ಗುಲ ರಾಮಕೃಷ್ಣ ರಾವ್ ನಡುವೆ ಪೈಪೋಟಿ ನಡೆದು ತೀರ್ಥರು ಗೆದ್ದರು. ಬೂರ್ಗುಲ ವಕೀಲರು, ಸಂಧಾನಕ್ಕೆ ಒಲವುಳ್ಳವರು. ತೀರ್ಥರದು ಜಾಗೀರು ಹೋಗಬೇಕು, ಉಳುವವನಿಗೆ ರಕ್ಷಣೆ ಬೇಕು ಎನ್ನುವ ಗುಂಪು. ಪಕ್ಷದ ಈ ಎರಡು ಬಣಗಳ ತಿಕ್ಕಾಟ ಕೊನೆಯವರೆಗೂ ಮುಗಿಯಲಿಲ್ಲ.

1947ರ ಆಗಸ್ಟ್ 15ರಂದು ದೇಶ ಸಂಭ್ರಮಿಸುತ್ತಿದ್ದರೆ ತೀರ್ಥರು ಬಂಧನದಲ್ಲಿದ್ದರು. ನವೆಂಬರ್‌ನಲ್ಲಿ ಭಾರತ ಮತ್ತು ನಿಜಾಮರ ನಡುವೆ ಯಥಾಸ್ಥಿತಿ ಒಪ್ಪಂದ ಆದಾಗ ಹೊರಬಂದರು. ಎರಡೇ ತಿಂಗಳಲ್ಲಿ ಮತ್ತೆ ಒಳಗೆ. ಅಷ್ಟರಲ್ಲಿ ರಜಾಕಾರರ ಹಾವಳಿ ಹಳ್ಳಿಗಳನ್ನು ನಡುಗಿಸಿತ್ತು. ಗಡಿಯಾಚೆ ಹೋರಾಟಗಾರರ ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿ ಅವರ ಮುಂಡರಗಿ ಶಿಬಿರ ಕನ್ನಡಿಗರಿಗೆ ಚಿರಪರಿಚಿತ.

ಈ ಕಥೆಯಲ್ಲಿ ಸಿಕಂದರಾಬಾದ್‌ಗೂ ಒಂದು ಪಾತ್ರವಿದೆ. ಮೂರನೇ ನಿಜಾಮ ಸಿಕಂದರ್ ಜಾ ಹೆಸರಿನ ಈ ಊರು ಬ್ರಿಟಿಷರ ದಂಡು ಪ್ರದೇಶ. ಒಪ್ಪಂದದ ನಂತರ ಭಾರತೀಯ ಸೇನೆ ಇಲ್ಲಿಂದ ತೆರಳಿತ್ತು. ರಜಾಕಾರರನ್ನು ನಿಷೇಧಿಸಿ, ಸಿಕಂದರಾಬಾದ್‌ಗೆ ಸೇನೆ ಮರಳಲು ಬಿಡಿ ಎಂಬುದೇ ದೆಹಲಿಯ ಕೊನೆಯ ಬೇಡಿಕೆಯಾಗಿತ್ತು. ನಿಜಾಮರು ಒಪ್ಪಲಿಲ್ಲ. ಸೆಪ್ಟೆಂಬರ್ 13ಕ್ಕೆ ಸೇನೆ ಒಳನುಗ್ಗಿತು, 17ಕ್ಕೆ ನಿಜಾಮರು ಸೋಲೊಪ್ಪಿದರು, ತೀರ್ಥರ ಬಿಡುಗಡೆಯಾಯಿತು. ಆ ದಿನಗಳ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕಾರ್ಯಾಚರಣೆಯ ಬೆನ್ನಲ್ಲೇ ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಭೀಕರ ಹಿಂಸೆ ನಡೆಯಿತು ಎಂದು ಪಂಡಿತ್ ಸುಂದರಲಾಲ್ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟಿತ್ತು.

ಜನರ ಸರ್ಕಾರವೇನೂ ಮರುದಿನವೇ ಬರಲಿಲ್ಲ. ಮೊದಲು ಜನರಲ್ ಜೆ.ಎನ್. ಚೌಧುರಿ ಅವರ ಸೇನಾಡಳಿತ, 1950ರಿಂದ ಐಸಿಎಸ್ ಅಧಿಕಾರಿ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ. ಜಾಗೀರು ರದ್ದಾಗಿದ್ದು ಈ ಅವಧಿಯಲ್ಲೇ, 1949ರಲ್ಲಿ. ಚುನಾವಣೆ ನಡೆದು ಮೊದಲ ಸರ್ಕಾರ ಬಂದಾಗ 1952ರ ಮಾರ್ಚ್ ಆಗಿತ್ತು. ಮುಖ್ಯಮಂತ್ರಿಯಾದದ್ದು ಬೂರ್ಗುಲ. ತೀರ್ಥರು ಕಲಬುರಗಿಯಿಂದ ಗೆದ್ದು ಲೋಕಸಭೆಗೆ ಹೋದರು. ಮಂತ್ರಿಗಿರಿ ಹಿಡಿಯಲಿಲ್ಲ.

ಅಮೆರಿಕದಲ್ಲಿ ಹೊಸ ಸರ್ಕಾರ ಕಟ್ಟಿದ ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಮ್ಯಾಡಿಸನ್ ಒಬ್ಬರ ನಂತರ ಒಬ್ಬರು ಅಧ್ಯಕ್ಷರಾದರು. ವಾಷಿಂಗ್ಟನ್ ಸಂಪುಟದಲ್ಲೇ ಹ್ಯಾಮಿಲ್ಟನ್, ಜೆಫರ್ಸನ್ ಬಣಗಳಾಗಿ ಒಡೆದು ಅಲ್ಲಿನ ಪಕ್ಷಗಳು ಹುಟ್ಟಿದವು. ಆದರೂ 13 ಪುಟ್ಟ ರಾಜ್ಯಗಳನ್ನು ಬಿಗಿಯಾಗಿ ಬೆಸೆಯುವುದು ಅವರ ಗುರಿಯಾಗಿತ್ತು. ತೀರ್ಥರ ಲೆಕ್ಕ ತಿರುಗುಮುರುಗು. ಹೈದರಾಬಾದ್ ಗಡಿ ಎಳೆದದ್ದು ಜನರಲ್ಲ, ಯುದ್ಧ ಮತ್ತು ಒಪ್ಪಂದಗಳು. ತನಗೆ ಅರ್ಥವಾಗದ ಭಾಷೆಯಲ್ಲಿ ಕಚೇರಿ ನಡೆಯುವಾಗ ರೈತನಿಗೆ ಮತದಾನದ ಹಕ್ಕು ಅರ್ಧ ಮಾತ್ರ ದಕ್ಕಿದಂತೆ ಎಂಬುದು ಅವರ ವಾದದ ತಿರುಳು.

ಇದಕ್ಕೆ ವಿರೋಧವೂ ಬಲವಾಗಿತ್ತು. ಹಲವು ಭಾಷೆ ಬೆರೆತ ಹೈದರಾಬಾದ್ ಹಾಗೆಯೇ ಉಳಿಯಲಿ ಎಂಬುದು ನೆಹರೂ ಅವರ ಆರಂಭದ ಒಲವು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಶತಮಾನಗಳ ಬೆರಕೆ ಬದುಕು ಒಂದು ಆಸ್ತಿಯೇ. ಆದರೆ ಆ ಬೆರಕೆ ಹೆಚ್ಚಾಗಿ ರಾಜಧಾನಿಯದು. ಸುರಪುರ, ಔರಾದ್, ಲಿಂಗಸುಗೂರಿನ ಹಳ್ಳಿಗೆ ಅದರಿಂದ ಎಷ್ಟು ಸಿಕ್ಕಿತ್ತು ಎಂದು ಕೇಳಿದರೆ ತೀರ್ಥರ ವಾದಕ್ಕೆ ತೂಕ ಬರುತ್ತದೆ.

ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಹೈದರಾಬಾದ್ ವಿಭಜನೆಗೆ ಶಿಫಾರಸು ಮಾಡಿತು, ತೆಲುಗು ಭಾಗ ಸದ್ಯಕ್ಕೆ ಪ್ರತ್ಯೇಕವಾಗಿರಲಿ ಎಂದಿತು. ತೀರ್ಥರು ವಿಶಾಲಾಂಧ್ರದ ಪರ ನಿಂತರು. ಈ ಒಂದು ವಿಷಯದಲ್ಲಿ ಕಾಲ ಅವರ ಪರ ನಿಲ್ಲಲಿಲ್ಲ. 2014ರಲ್ಲಿ ತೆಲಂಗಾಣ ಬೇರೆಯಾಯಿತು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಇಲ್ಲವಾಯಿತು. ಕಲಬುರಗಿ, ಬೀದರ್, ರಾಯಚೂರು ಮೈಸೂರಿಗೆ, ಮರಾಠವಾಡದ ಐದು ಜಿಲ್ಲೆ ಮುಂಬೈ ರಾಜ್ಯಕ್ಕೆ, ಉಳಿದದ್ದು ಆಂಧ್ರಪ್ರದೇಶಕ್ಕೆ. ಕೊಡಂಗಲ್, ತಾಂಡೂರು, ಗದ್ವಾಲ್ ತಾಲೂಕುಗಳು ಕನ್ನಡ ಜಿಲ್ಲೆಗಳಿಂದ ಕಳಚಿ ಆಂಧ್ರ ಸೇರಿದವು.

ಮರು ಚುನಾವಣೆಯಲ್ಲಿ, 1957ರಲ್ಲಿ, ತೀರ್ಥರು ಔರಂಗಾಬಾದ್‌ನಿಂದ ಲೋಕಸಭೆಗೆ ಆಯ್ಕೆಯಾದರು. ಅವರ ಗರಡಿಯಲ್ಲಿ ಪಳಗಿದ ಪಿ.ವಿ. ನರಸಿಂಹ ರಾವ್ ಮುಂದೆ ಪ್ರಧಾನಿಯಾದರು. ಹೋರಾಟದ ನೆನಪುಗಳನ್ನು ತೀರ್ಥರು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದು 1967ರಲ್ಲಿ ಪುಸ್ತಕವಾಯಿತು. 1972ರ ಜನವರಿ 22ರಂದು ಹೈದರಾಬಾದ್ ನಗರದಲ್ಲಿ ಅವರು ತೀರಿಕೊಂಡರು.