ರಗ್ಬಿ ಆಡಲಾಗದ ಹುಡುಗ ರೇಸ್ ಕಾರು ಕಟ್ಟಿದ ಕಥೆ

ಫಾರ್ಮುಲಾ ಒನ್ ನೋಡೋ ನಮ್ಮೆಲ್ಲರಿಗೂ ಪಪ್ಪಾಯಿ ಬಣ್ಣದ ಮೆಕ್ಲಾರೆನ್ ಕಾರು ಗೊತ್ತು. ಅದು ಯಾವುದೋ ಕಂಪನಿಯ ಹೆಸರು ಅಂತ ಸುಮ್ಮನಿರ್ತೀವಿ. ಅದು ಒಬ್ಬ ಮನುಷ್ಯನ ಹೆಸರು. ಆತ ನಮ್ಮ ಹಾಗೇ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದವನು, ಡಿಗ್ರಿ ಮುಗಿಸದೇ ಹೊರಟವನು, ಒಂದು ಕಾಲು ಗಿಡ್ಡ ಇದ್ದವನು, ಮೂವತ್ತೆರಡನೇ ವಯಸ್ಸಿಗೇ ತಾನೇ ಕಟ್ಟಿದ ಕಾರಿನಲ್ಲಿ ತೀರಿಕೊಂಡವನು. ಇಷ್ಟು ಗೊತ್ತಿರೋರು ನಮ್ಮಲ್ಲಿ ಕಡಿಮೆ.

ಸ್ಪಾನ್ಸರ್‌ಶಿಪ್ ಅಂದ ಕೂಡಲೇ ನಮಗೆ ನೆನಪಾಗೋದು ಫೆಸ್ಟ್ ಹತ್ತಿರ ಬಂದಾಗ ಬ್ರೋಷರ್ ಹಿಡ್ಕೊಂಡು ಅಂಗಡಿ ಅಂಗಡಿ ಅಲೆಯೋದು. ದೊಡ್ಡ ಲೋಕದಲ್ಲೂ ನಡೆಯೋದು ಅದೇ. ಕಾರ್ ಕಂಪನಿಗಳು ರಗ್ಬಿ ತಂಡಗಳಿಗೆ ಹಣ ಕೊಡ್ತವೆ, ಜರ್ಸಿ ಮೇಲೆ ಹೆಸರು ಹಾಕಿಸ್ತವೆ. ಬ್ರೂಸ್ ಮೆಕ್ಲಾರೆನ್ ಬದುಕಿನಲ್ಲಿ ಇದು ಉಲ್ಟಾ ನಡೀತು. ರಗ್ಬಿ ಹುಚ್ಚಿನ ದೇಶದಲ್ಲಿ ರಗ್ಬಿ ಕೈತಪ್ಪಿ ಹೋದ ಹುಡುಗನ ಮೇಲೆ ಅವನ ದೇಶದ ರೇಸಿಂಗ್ ಸಂಘಟಕರು ದುಡ್ಡು ಹಾಕಿದರು. ಆ ಹುಡುಗ ಹೋಗಿ ಸ್ಪೋರ್ಟ್ಸ್ ಕಾರ್ ಕಂಪನಿಯನ್ನೇ ಕಟ್ಟಿದ. ಈ ಸಲ ಅವನ ಕಥೆ ಹೇಳೋಣ ಅಂತ ನಾವು ಕೂತಿದ್ದೀವಿ.

ಗ್ಯಾರೇಜಿನ ಮೇಲಿನ ಮನೆ

ಬ್ರೂಸ್ ಹುಟ್ಟಿದ್ದು 1937ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ. ಅಪ್ಪ ಲೆಸ್, ಅಮ್ಮ ರೂತ್. ರೆಮ್ಯುವೆರಾ ಅನ್ನೋ ಬಡಾವಣೆಯಲ್ಲಿ ಅವರದ್ದೊಂದು ಪೆಟ್ರೋಲ್ ಬಂಕ್, ಜೊತೆಗೆ ವರ್ಕ್‌ಶಾಪ್. ಸಂಸಾರ ಅದರ ಮೇಲಿನ ಮನೆಯಲ್ಲಿ. ಅಪ್ಪನಿಗೆ ಮೋಟಾರ್ ರೇಸಿನ ಹುಚ್ಚು. ಹಾಗಾಗಿ ಸ್ಪ್ಯಾನರ್ ಸದ್ದು, ಗ್ರೀಸ್ ವಾಸನೆ ಹುಡುಗನಿಗೆ ಹುಟ್ಟಿನಿಂದಲೇ ಬಂದದ್ದು.

ಆದರೆ ಮೊದಲ ಪ್ರೀತಿ ಕಾರಲ್ಲ. ನ್ಯೂಜಿಲೆಂಡಿನಲ್ಲಿ ರಗ್ಬಿ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಸ್ಕೂಲ್ ಮೈದಾನದಲ್ಲಿ ಬೇರೆ ಹುಡುಗರಂತೆ ಬ್ರೂಸ್ ಕೂಡ ಅದನ್ನೇ ಹಚ್ಚಿಕೊಂಡಿದ್ದ. ಒಂಬತ್ತು ವರ್ಷ ತುಂಬಿದ ಮೇಲೆ ಸೊಂಟದ ಹತ್ತಿರ ನೋವು ಶುರುವಾಯ್ತು, ನಡಿಗೆ ಕುಂಟಾಯ್ತು. ಡಾಕ್ಟರು ಅದಕ್ಕೆ ಪರ್ಥೆಸ್ ಕಾಯಿಲೆ ಅಂದರು. ತೊಡೆಮೂಳೆಯ ಮೇಲ್ತುದಿಗೆ ರಕ್ತ ಸರಿಯಾಗಿ ಹೋಗದೆ ಆ ಭಾಗ ಮೆತ್ತಗಾಗಿ ಆಕಾರ ಕೆಡೋ ಕಾಯಿಲೆ ಅದು, ಬರೋದು ಮಕ್ಕಳಿಗೇ. ಆಗಿನ ಕಾಲಕ್ಕೆ ಇದ್ದ ಮದ್ದು ಒಂದೇ: ಆ ಕೀಲಿನ ಮೇಲೆ ಭಾರ ಬೀಳದ ಹಾಗೆ ಮಲಗಿಸಿಡೋದು.

ಟಾಕಪುನಾದ ವಿಲ್ಸನ್ ಹೋಮ್ ಅನ್ನೋ ಮಕ್ಕಳ ಆಸ್ಪತ್ರೆಯಲ್ಲಿ ಅವನನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಮಲಗಿಸಿದರು. ಒಂದು ವಾರ, ಒಂದು ತಿಂಗಳು ಅಲ್ಲ, ಸುಮಾರು ಎರಡು ವರ್ಷ. ಸೆಮಿಸ್ಟರ್ ಲೆಕ್ಕದಲ್ಲಿ ಹೇಳೋದಾದರೆ ನಾಲ್ಕು ಸೆಮಿಸ್ಟರ್ ಮಂಚ ಬಿಟ್ಟು ಏಳೋ ಹಾಗಿಲ್ಲ. ಎದ್ದು ಬಂದಾಗ ಎಡಗಾಲು ಬಲಗಾಲಿಗಿಂತ ಸುಮಾರು ಒಂದೂವರೆ ಇಂಚು ಗಿಡ್ಡ. ಕುಂಟು ನಡಿಗೆ ಕೊನೇವರೆಗೂ ಉಳೀತು. ಮೈಗೆ ಮೈ ತಾಗಿಸಿ ಓಡೋ ಆಟದ ಬಾಗಿಲು ಅಲ್ಲಿಗೆ ಮುಚ್ಚಿತು.

ಬಿಡಿಭಾಗಗಳ ಆಸ್ಟಿನ್

ಅಪ್ಪ ಒಂದು ದಿನ 1929ರ ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರು ಕೊಂಡುತಂದರು. ಕಾರು ಅನ್ನೋದಕ್ಕಿಂತ ಬಿಡಿಭಾಗಗಳ ರಾಶಿ. ಅಪ್ಪ ಮಗ ಸೇರಿ ಒಂದೊಂದೇ ತಿಕ್ಕಿ, ಸರಿಮಾಡಿ ಜೋಡಿಸಿದರು. ಲೈಸೆನ್ಸ್ ಬರೋ ವಯಸ್ಸಾಗಿರಲಿಲ್ಲ. ಅದಕ್ಕೇ ಮನೆ ಹಿತ್ತಲಿನ ಹಣ್ಣಿನ ಗಿಡಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದ ಹಾದಿ ಮಾಡಿಕೊಂಡು ಅಲ್ಲೇ ಸುತ್ತಿ ಸುತ್ತಿ ಡ್ರೈವಿಂಗ್ ಕಲಿತ. 1952ರಲ್ಲಿ ಮುರಿವಾಯ್ ಅನ್ನೋ ಕಡಲತೀರದ ಊರಿನ ಗುಡ್ಡ ಹತ್ತೋ ಸ್ಪರ್ಧೆಗೆ ಅದೇ ಕಾರು ಇಳಿಸಿ ತನ್ನ ವರ್ಗದಲ್ಲಿ ಗೆದ್ದ. ಬ್ರೇಕ್ ಒತ್ತೋಕೆ, ಕ್ಲಚ್ ತುಳಿಯೋಕೆ ಕಾಲು ಎಷ್ಟುದ್ದ ಇದ್ದರೂ ನಡೆಯುತ್ತೆ ಅಂತ ಗೊತ್ತಾದದ್ದು ಆಗಲೇ ಇರಬೇಕು.

ಟೆಕ್ನಿಕಲ್ ಸ್ಕೂಲ್ ಮುಗಿಸಿ ಆಕ್ಲೆಂಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದ. ಆಗ ಆ ಕಾಲೇಜು ಇದ್ದದ್ದು ಆರ್ಡ್‌ಮೋರ್‌ನ ಹಳೇ ವಾಯುಪಡೆ ನೆಲೆಯಲ್ಲಿ. ಇನ್ನೂ ಮಜಾ ಏನಂದರೆ ನ್ಯೂಜಿಲೆಂಡ್ ಗ್ರ್ಯಾಂಡ್ ಪ್ರಿ ನಡೀತಿದ್ದದ್ದೂ ಅದೇ ಆರ್ಡ್‌ಮೋರ್ ವಿಮಾನನಿಲ್ದಾಣದ ರನ್‌ವೇ ಮೇಲೆ. ಕ್ಲಾಸಿನ ಪಕ್ಕದಲ್ಲೇ ರೇಸ್ ಟ್ರ್ಯಾಕ್ ಇದ್ದರೆ ನಮ್ಮಲ್ಲಿ ಎಷ್ಟು ಜನರ ಅಟೆಂಡೆನ್ಸ್ ಉಳೀತಿತ್ತು, ನೀವೇ ಹೇಳಿ.

ಆಸ್ಟ್ರೇಲಿಯಾದ ಜಾಕ್ ಬ್ರಾಭಮ್ ಈ ರೇಸಿಗೆ ಬರುತ್ತಿದ್ದ, ಮೆಕ್ಲಾರೆನ್ ಮನೆಯವರಿಗೆ ಪರಿಚಯ. ಅವನ ಮೂಲಕ ಬ್ರೂಸ್ ಕೈಗೆ ಕೂಪರ್ ಕಾರು ಬಂತು. 1958ರಲ್ಲಿ ನ್ಯೂಜಿಲೆಂಡಿನ ಗ್ರ್ಯಾಂಡ್ ಪ್ರಿ ಸಂಘಟಕರು ಒಂದು ಯೋಜನೆ ಶುರುಮಾಡಿದರು. ಹೆಸರು ಡ್ರೈವರ್ ಟು ಯೂರೋಪ್. ಪ್ರತಿಭೆ ಇರೋ ಹುಡುಗರಿಗೆ ನೆರವು ಕೊಟ್ಟು ಯೂರೋಪಿನ ರೇಸುಗಳಿಗೆ ಕಳಿಸೋದು ಅದರ ಉದ್ದೇಶ. ದೂರದ ಪುಟ್ಟ ದೇಶ, ಅಲ್ಲಿ ಗೆದ್ದರೂ ಯೂರೋಪಿನವರ ಕಣ್ಣಿಗೆ ಬೀಳೋದು ಕಷ್ಟ. ಅದಕ್ಕೆ ಈ ಉಪಾಯ. ಮೊದಲ ಆಯ್ಕೆ ಇಪ್ಪತ್ತು ವರ್ಷದ ಬ್ರೂಸ್ ಮೆಕ್ಲಾರೆನ್. ಎಂಜಿನಿಯರಿಂಗ್ ಅರ್ಧಕ್ಕೆ ನಿಂತಿತು. ಹುಡುಗ ಇಂಗ್ಲೆಂಡಿಗೆ ಹೊರಟ.

ಇಪ್ಪತ್ತೆರಡಕ್ಕೆ ಗ್ರ್ಯಾಂಡ್ ಪ್ರಿ

ಅದೇ ವರ್ಷ ಜರ್ಮನಿಯ ನೂರ್ಬರ್ಗ್‌ರಿಂಗಿನಲ್ಲಿ ಫಾರ್ಮುಲಾ ಒನ್, ಫಾರ್ಮುಲಾ ಟೂ ಕಾರುಗಳನ್ನು ಒಟ್ಟಿಗೇ ಓಡಿಸಿದರು. ಸಣ್ಣ ಎಂಜಿನ್ನಿನ ಕೂಪರ್‌ನಲ್ಲಿ ಬ್ರೂಸ್ ಫಾರ್ಮುಲಾ ಟೂನಲ್ಲಿ ಮೊದಲು, ಒಟ್ಟಾರೆ ಐದನೆಯವನು. ಮರುವರ್ಷ ಕೂಪರ್ ಕಂಪನಿಯ ಫಾರ್ಮುಲಾ ಒನ್ ತಂಡದಲ್ಲೇ ಜಾಗ ಸಿಕ್ಕಿತು, ಬ್ರಾಭಮ್ ಜೊತೆ.

1959ರ ಡಿಸೆಂಬರ್ 12, ಅಮೆರಿಕದ ಸೆಬ್ರಿಂಗ್. ಕೊನೇ ಸುತ್ತು. ಮುಂದಿದ್ದ ಬ್ರಾಭಮ್ ಕಾರಿನಲ್ಲಿ ಪೆಟ್ರೋಲ್ ಖಾಲಿ. ಹಿಂದಿದ್ದ ಬ್ರೂಸ್ ಮುಂದೆ ಹೋಗಿ ಗೆದ್ದ. ಬ್ರಾಭಮ್ ಕಾರು ತಳ್ಳಿಕೊಂಡೇ ಗೆರೆ ದಾಟಿ ನಾಲ್ಕನೆಯವನಾಗಿ ವಿಶ್ವ ಚಾಂಪಿಯನ್ ಆದ. ಬ್ರೂಸ್‌ಗೆ ಆಗ 22 ವರ್ಷ 104 ದಿನ. ಇಂಡಿಯಾನಾಪೊಲಿಸ್ ರೇಸನ್ನು ಲೆಕ್ಕದಿಂದ ಬಿಟ್ಟರೆ, ಇಷ್ಟು ಚಿಕ್ಕ ವಯಸ್ಸಿಗೆ ಗ್ರ್ಯಾಂಡ್ ಪ್ರಿ ಗೆದ್ದ ದಾಖಲೆ 2003ರಲ್ಲಿ ಫರ್ನಾಂಡೋ ಅಲೊನ್ಸೊ ಬರೋವರೆಗೂ ಅವನದ್ದೇ.

ಸ್ವಂತ ಕಂಪನಿ

ಬರೀ ಓಡಿಸೋದು ಅವನಿಗೆ ಸಾಲಲಿಲ್ಲ. 1963ರಲ್ಲಿ ಬ್ರೂಸ್ ಮೆಕ್ಲಾರೆನ್ ಮೋಟಾರ್ ರೇಸಿಂಗ್ ಅಂತ ಕಂಪನಿ ತೆರೆದ. ಶುರುವಿನ ವರ್ಕ್‌ಶಾಪ್ ಲಂಡನ್ ಹತ್ತಿರದ ನ್ಯೂ ಮಾಲ್ಡನ್‌ನ ಒಂದು ಶೆಡ್.

1964ರ ಶುರುವಿನಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಟಾಸ್ಮನ್ ಸರಣಿಗೆ ಹೊಸ ತಂಡ ಹೋಯ್ತು. ಬ್ರೂಸ್ ಸರಣಿ ಗೆದ್ದ. ಆದರೆ ಕೊನೆಯ ರೇಸಿನ ಅಭ್ಯಾಸದಲ್ಲಿ, ಟಾಸ್ಮೇನಿಯಾದ ಲಾಂಗ್‌ಫರ್ಡ್‌ನಲ್ಲಿ, ಜೊತೆಗಾರ ಟಿಮ್ಮಿ ಮೇಯರ್ ಅಪಘಾತದಲ್ಲಿ ಸತ್ತ. ಆಗ ಗೆಳೆಯನ ಬಗ್ಗೆ ಬ್ರೂಸ್ ಬರೆದ ಸಾಲುಗಳನ್ನು ಆರು ವರ್ಷದ ಮೇಲೆ ಜನ ಅವನಿಗೇ ಅನ್ವಯಿಸಿ ಓದಿದರು. ಟಿಮ್ಮಿಯ ಅಣ್ಣ ಟೆಡ್ಡಿ ಮೇಯರ್ ವಕೀಲಿಕೆ ಓದಿದವನು. ತಮ್ಮ ಹೋದ ಮೇಲೆ ಈ ಆಟದ ಸಹವಾಸವೇ ಬೇಡ ಅನ್ನಬಹುದಿತ್ತು. ಅವನು ಬ್ರೂಸ್ ಜೊತೆ ನಿಂತ, ಕಂಪನಿಯ ವ್ಯವಹಾರ ಹೊತ್ತುಕೊಂಡ.

ಬ್ರೂಸ್ ಎಂಥ ಎಂಜಿನಿಯರ್ ಅನ್ನೋದಕ್ಕೆ ಒಂದು ಪ್ರಸಂಗ ಸಾಕು. ಹೊಸ ಸ್ಪೋರ್ಟ್ಸ್ ಕಾರೊಂದರ ಪರೀಕ್ಷೆ ನಡೀತಿತ್ತು. ಮುಂಭಾಗದ ಬಾಡಿ ಮೇಲಿದ್ದ ಇಂಧನ ತುಂಬೋ ಪುಟ್ಟ ಮುಚ್ಚಳ ಪಟಪಟ ಬಡಿದುಕೊಳ್ಳುತ್ತಿತ್ತು. ವೇಗ ಹೆಚ್ಚಿದಷ್ಟೂ ಗಾಳಿ ಅದನ್ನು ಒತ್ತಿ ಹಿಡೀಬೇಕು, ಇಲ್ಲಿ ವೇಗ ಹೆಚ್ಚಿದಷ್ಟೂ ಅದು ಮೇಲೇಳುತ್ತಿತ್ತು. ಬೇರೆಯವರಾಗಿದ್ದರೆ ಮೆಕ್ಯಾನಿಕ್‌ಗೆ ಬೈದು ಗಟ್ಟಿಯಾಗಿ ಮುಚ್ಚಿಸುತ್ತಿದ್ದರು. ಬ್ರೂಸ್ ಯೋಚಿಸಿದ್ದೇ ಬೇರೆ. ಮುಚ್ಚಳ ಏಳುತ್ತಿದೆ ಅಂದರೆ ಒಳಗೆ ಒತ್ತಡ ಹೆಚ್ಚಿದೆ. ರೇಡಿಯೇಟರ್ ಮೂಲಕ ಒಳಬಂದ ಗಾಳಿಗೆ ಹೊರಹೋಗೋಕೆ ದಾರಿ ಇಲ್ಲ, ಅದು ಕಾರಿನ ಮೂತಿಯನ್ನೇ ಮೇಲೆತ್ತುತ್ತಿದೆ. ಪಿಟ್ಟಿಗೆ ಬಂದ, ತಗಡು ಕತ್ತರಿ ತಗೊಂಡ, ರೇಡಿಯೇಟರ್ ಹಿಂದಿನ ಬಾಡಿಯನ್ನು ಕತ್ತರಿಸಿ ತೂತು ಮಾಡಿದ, ಮತ್ತೆ ಹೊರಟ. ಕೂಡಲೇ ಲ್ಯಾಪ್ ಸಮಯ ಇಳೀತು. ಮೆಕ್ಲಾರೆನ್ ಸ್ಪೋರ್ಟ್ಸ್ ಕಾರುಗಳ ಮೂತಿ ಮೇಲೆ ಕಾಣೋ ಮೂಗಿನ ಹೊಳ್ಳೆಗಳು ಹುಟ್ಟಿದ್ದು ಹೀಗೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸ್‌ಗೆ ಓದುವಾಗ ಇದನ್ನು ನೆನೆಸಿಕೊಂಡರೆ ನಿದ್ದೆ ಬರಲ್ಲ.

ಎಲ್ಲ ಪ್ರಯೋಗವೂ ಫಲಿಸಲಿಲ್ಲ. 1966ರಲ್ಲಿ ಬಂದ ಮೊದಲ ಫಾರ್ಮುಲಾ ಒನ್ ಕಾರು ಎಂ2ಬಿ. ಅದರ ವಿನ್ಯಾಸಕ ರಾಬಿನ್ ಹರ್ಡ್ ವಿಮಾನ ಸಂಶೋಧನೆಯಿಂದ ಬಂದವನು. ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಬಾಲ್ಸಾ ಮರ ಇಟ್ಟು ಅಂಟಿಸಿದ ಮಾಲೈಟ್ ಅನ್ನೋ ವಸ್ತುವಿನಿಂದ ಚಾಸಿ ಕಟ್ಟಿದರು. ಸ್ಯಾಂಡ್‌ವಿಚ್ ಪ್ಯಾನೆಲ್ ಲೆಕ್ಕ ಮಾಡಿದವರಿಗೆ ಗೊತ್ತು, ಹಗುರ ಇದ್ದರೂ ಬಿರುಸು. ಚಾಸಿ ಗಟ್ಟಿ, ಎಂಜಿನ್ ಮಾತ್ರ ಕೈಕೊಟ್ಟಿತು. ಅಮೆರಿಕದ ಫೋರ್ಡ್ ಎಂಜಿನ್ನನ್ನು 3 ಲೀಟರಿಗೆ ಇಳಿಸಿ ಕೂರಿಸಿದ್ದರು. ಭಾರ, ಸದ್ದು ಎರಡೂ ಜಾಸ್ತಿ, ಶಕ್ತಿ ಕಮ್ಮಿ.

ಅದೇ 1966ರ ಜೂನ್‌ನಲ್ಲಿ ಫೋರ್ಡ್ ಕಂಪನಿಗಾಗಿ ಕ್ರಿಸ್ ಏಮನ್ ಜೊತೆ ಬ್ರೂಸ್ ಲ ಮಾನ್ 24 ಗಂಟೆ ರೇಸ್ ಗೆದ್ದ. ಫೋರ್ಡ್ ವರ್ಸಸ್ ಫೆರಾರಿ ಸಿನಿಮಾ ನೋಡಿದವರಿಗೆ ಆ ಕೊನೆ ನೆನಪಿರುತ್ತೆ. ಕಾರುಗಳು ಒಟ್ಟಿಗೇ ಗೆರೆ ದಾಟಲಿ ಅಂತ ಫೋರ್ಡ್ ಹೇಳಿತು. ಆದರೆ ಕೆನ್ ಮೈಲ್ಸ್ ಕಾರಿಗಿಂತ ಬ್ರೂಸ್ ಕಾರು ಹಿಂದಿನಿಂದ ಹೊರಟಿತ್ತು, ಹಾಗಾಗಿ ಸುಮಾರು 20 ಮೀಟರ್ ಹೆಚ್ಚು ಓಡಿದೆ ಅಂತ ಗೆಲುವು ಇವರಿಗೆ ಬಂತು. ಸಿನಿಮಾದಲ್ಲಿ ನಾವೆಲ್ಲ ಮೈಲ್ಸ್ ಕಡೆ ನಿಂತು ಬೇಜಾರಾಗ್ತೀವಿ, ನ್ಯಾಯವೇ. ಮೈಲ್ಸ್ ಕಾರಿನ ಇನ್ನೊಬ್ಬ ಡ್ರೈವರ್ ಡೆನ್ನಿ ಹಲ್ಮ್, ಅವನೂ ನ್ಯೂಜಿಲೆಂಡಿನವನೇ. ಡ್ರೈವರ್ ಟು ಯೂರೋಪ್ ಯೋಜನೆಯಲ್ಲಿ 1960ರಲ್ಲಿ ಬಂದವನು.

ಬ್ರೂಸ್, ಡೆನ್ನಿ ಜೋಡಿ

ಮುಂದೆ ಈ ಡೆನ್ನಿಯೇ ಬ್ರೂಸ್ ಕಂಪನಿಯ ಜೊತೆಗಾರ ಡ್ರೈವರ್ ಆದ. ಉತ್ತರ ಅಮೆರಿಕದ ಕ್ಯಾನ್-ಆಮ್ ಸರಣಿಯಲ್ಲಿ ಎಂಜಿನ್ ಗಾತ್ರಕ್ಕೆ ಮಿತಿಯೇ ಇರಲಿಲ್ಲ, ಬಹುಮಾನದ ಹಣ ದೊಡ್ಡದು. 1967ರಲ್ಲಿ ಬ್ರೂಸ್ ಚಾಂಪಿಯನ್, 1968ರಲ್ಲಿ ಡೆನ್ನಿ, 1969ರಲ್ಲಿ ಮತ್ತೆ ಬ್ರೂಸ್. 1969ರಲ್ಲಿ ನಡೆದ 11 ರೇಸುಗಳಲ್ಲಿ 11ನ್ನೂ ಇವರೇ ಗೆದ್ದರು: ಬ್ರೂಸ್ ಆರು, ಡೆನ್ನಿ ಐದು. ಒಂದು ಪುಟ್ಟ ದೇಶದ ಸಂಘಟಕರು ನೆರವು ಕೊಟ್ಟು ಕಳಿಸಿದ ಇಬ್ಬರು ಹುಡುಗರು ಅಮೆರಿಕದ ಅತಿ ವೇಗದ ಸರಣಿಯನ್ನು ಹಂಚಿಕೊಂಡು ತಿಂದಿದ್ದು ಹೀಗೆ. ಹೂಡಿಕೆಯ ಲಾಭ ಅಂದರೆ ಇದು.

1968ರ ಜೂನ್ 9ರಂದು ಬೆಲ್ಜಿಯಂನ ಸ್ಪಾದಲ್ಲಿ ಮೆಕ್ಲಾರೆನ್ ಕಾರಿಗೆ ಮೊದಲ ಫಾರ್ಮುಲಾ ಒನ್ ಗೆಲುವು. ಓಡಿಸಿದವನು ಬ್ರೂಸ್. ಮುಂದಿದ್ದ ಜಾಕಿ ಸ್ಟೀವರ್ಟ್ ಪೆಟ್ರೋಲ್ ಮುಗಿದು ಹಿಂದುಳಿದದ್ದು ಬ್ರೂಸ್‌ಗೆ ಗೊತ್ತಾಗಿರಲಿಲ್ಲ. ಎರಡನೇ ಸ್ಥಾನ ಅಂದ್ಕೊಂಡೇ ಪಿಟ್ಟಿಗೆ ಬಂದ. ತನ್ನದೇ ಹೆಸರಿನ ಕಾರು ಓಡಿಸಿ ಗ್ರ್ಯಾಂಡ್ ಪ್ರಿ ಗೆದ್ದವರಲ್ಲಿ ಬ್ರಾಭಮ್ ಮೊದಲಿಗ. ಆ ಸಣ್ಣ ಸಾಲಿಗೆ ಬ್ರೂಸ್ ಕೂಡ ಸೇರಿದ.

ರಸ್ತೆ ಮೇಲೆ ಓಡಿಸೋ ಸ್ಪೋರ್ಟ್ಸ್ ಕಾರಿನ ಕನಸೂ ಇತ್ತು. ಎಂ6ಜಿಟಿ ಅನ್ನೋ ಮಾದರಿ ತಯಾರಾಯ್ತು. ಅದನ್ನು ಬ್ರೂಸ್ ದಿನಾ ಮನೆಯಿಂದ ಕೋಲ್ನ್‌ಬ್ರೂಕಿನ ಕಾರ್ಖಾನೆಗೆ ಓಡಿಸಿಕೊಂಡು ಹೋಗ್ತಿದ್ದ. ಮಾರಾಟಕ್ಕೆ ಬರೋವರೆಗೂ ಅವನು ಉಳಿಯಲಿಲ್ಲ.

ಗುಡ್‌ವುಡ್

1970ರ ಮೇ ತಿಂಗಳು ಇಂಡಿಯಾನಾಪೊಲಿಸ್‌ನಲ್ಲಿ ಡೆನ್ನಿಯ ಕಾರಿಗೆ ಬೆಂಕಿ ಹತ್ತಿ ಕೈಗಳು ಸುಟ್ಟವು. ಕ್ಯಾನ್-ಆಮ್ ಸರಣಿ ಹತ್ತಿರ ಬಂದಿತ್ತು. ಜೂನ್ 2ರಂದು ಬ್ರೂಸ್ ಹೊಸ ಎಂ8ಡಿ ಕಾರನ್ನು ಇಂಗ್ಲೆಂಡಿನ ಗುಡ್‌ವುಡ್ ಟ್ರ್ಯಾಕಿನಲ್ಲಿ ಪರೀಕ್ಷೆ ಮಾಡುತ್ತಿದ್ದ. ಹಿಂದಿನ ವರ್ಷದ ಕಾರಿನಲ್ಲಿ ರೆಕ್ಕೆ ಎತ್ತರದಲ್ಲಿತ್ತು, ಅದರ ಒತ್ತಡ ನೇರವಾಗಿ ಸಸ್ಪೆನ್ಷನ್ ಮೇಲೆ ಬೀಳುತ್ತಿತ್ತು. ಹೊಸ ನಿಯಮ ಅದನ್ನು ತಡೆದಿತ್ತು. ಹಾಗಾಗಿ ಎಂ8ಡಿಯ ರೆಕ್ಕೆ ಹಿಂದಿನ ಬಾಡಿಯ ಮೇಲೇ ಇತ್ತು. ನೇರ ದಾರಿಯಲ್ಲಿ ಪೂರ್ತಿ ವೇಗದಲ್ಲಿದ್ದಾಗ ಆ ಹಿಂದಿನ ಬಾಡಿ ಕಳಚಿ ಎದ್ದಿತು. ಅದರ ಜೊತೆ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುತ್ತಿದ್ದ ಗಾಳಿಯ ಬಲವೂ ಹೋಯ್ತು. ಕಾರು ತಿರುಗಿ, ರೇಸ್ ಸಿಬ್ಬಂದಿ ನಿಲ್ಲೋ ಕಟ್ಟೆಗೆ ಬಡಿಯಿತು. ಬ್ರೂಸ್ ಅಲ್ಲೇ ತೀರಿಕೊಂಡ. ಹೆಂಡತಿ ಪ್ಯಾಟಿ, ಪುಟ್ಟ ಮಗಳು ಉಳಿದರು. ದೇಹವನ್ನು ಆಕ್ಲೆಂಡಿಗೆ ತಂದು ಮಣ್ಣು ಮಾಡಿದರು.

ಮಾಲೀಕನೇ ಹೋದ ಮೇಲೆ ಕಂಪನಿ ಬಾಗಿಲು ಹಾಕಿದ್ದರೆ ಯಾರೂ ತಪ್ಪು ತಿಳೀತಿರಲಿಲ್ಲ. ಹನ್ನೆರಡೇ ದಿನಕ್ಕೆ, ಜೂನ್ 14ರಂದು ಕೆನಡಾದ ಮೊಸ್ಪೋರ್ಟ್‌ನಲ್ಲಿ ಕ್ಯಾನ್-ಆಮ್ ಮೊದಲ ರೇಸ್. ಎರಡು ಎಂ8ಡಿ ಕಾರುಗಳು ಬಂದು ನಿಂತವು. ಬ್ರೂಸ್ ಜಾಗದಲ್ಲಿ ಡ್ಯಾನ್ ಗರ್ನಿ ಕೂತು ಗೆದ್ದ. ಇನ್ನೊಂದರಲ್ಲಿ ಸುಟ್ಟ ಕೈಗಳಲ್ಲೇ ಸ್ಟಿಯರಿಂಗ್ ಹಿಡಿದು ಡೆನ್ನಿ ಓಡಿಸಿದ. ಆ ವರ್ಷದ ಚಾಂಪಿಯನ್ ಡೆನ್ನಿಯೇ. ಟೆಡ್ಡಿ ಮೇಯರ್ ಕಂಪನಿ ನಡೆಸಿದ. 1974ರಲ್ಲಿ ಎಮರ್ಸನ್ ಫಿಟ್ಟಿಪಾಲ್ಡಿ ಮೆಕ್ಲಾರೆನ್‌ಗೆ ಮೊದಲ ಫಾರ್ಮುಲಾ ಒನ್ ವಿಶ್ವ ಪಟ್ಟ ತಂದ. ಬ್ರೂಸ್ ಬಯಸಿದ್ದ ರಸ್ತೆ ಕಾರು, ಮೆಕ್ಲಾರೆನ್ ಎಫ್1, 1992ರಲ್ಲಿ ಬಂತು.

ನಮ್ಮ ಕ್ಯಾಂಪಸ್‌ಗಳಲ್ಲೂ ಬಾಹಾ ತಂಡ, ಫಾರ್ಮುಲಾ ತಂಡ ಅಂತ ರಾತ್ರಿಯೆಲ್ಲ ವೆಲ್ಡಿಂಗ್ ಮಾಡಿ, ಬೆಳಗ್ಗೆ ಕ್ಲಾಸಿನಲ್ಲಿ ತೂಗೋ ಗೆಳೆಯರಿದ್ದಾರೆ. ಅವರು ಸ್ಪಾನ್ಸರ್ ಪತ್ರ ಹಿಡಿದು ಬಂದಾಗ ಇದೆಲ್ಲ ಯಾಕಪ್ಪಾ ಅನ್ನೋರೇ ಜಾಸ್ತಿ. 1958ರಲ್ಲಿ ಆಕ್ಲೆಂಡಿನಲ್ಲೂ ಕುಂಟೋ ಹುಡುಗನ ಮೇಲೆ ಯಾಕೆ ದುಡ್ಡು ಅಂತ ಯಾರಾದರೂ ಕೇಳಬಹುದಿತ್ತು. ಕೊಡೋರು ಕೊಟ್ಟರು. ಈ ಸಲ ಆ ಹುಡುಗರು ಪತ್ರ ಹಿಡಿದು ನಿಮ್ಮ ರೂಮಿನ ಬಾಗಿಲು ತಟ್ಟಿದರೆ, ಕೈಲಾದಷ್ಟು ಹಾಕಿ. ಹಾಕೋಕೆ ದುಡ್ಡಿಲ್ಲ ಅಂದರೆ ವರ್ಕ್‌ಶಾಪಿಗೆ ಹೋಗಿ ಒಂದು ರಾತ್ರಿ ಸ್ಪ್ಯಾನರ್ ಹಿಡಿಯಿರಿ. ಹಾಗೇ ಹಿಂದಿನ ಬಾಡಿಯ ಬೋಲ್ಟುಗಳನ್ನು ಇನ್ನೊಂದು ಸಲ ಬಿಗಿಮಾಡಿ ನೋಡಿ.