ಎರಡು ವರ್ಷ ಒಂದೂ ಮಾರಾಟವಾಗದ ನೇಗಿಲು: ಬೆಳಗಾವಿ ಸೈಕಲ್ ಅಂಗಡಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್

ಔರಾದ: ಮಿರಗ ಕೂಡಿ ಎರಡು ವಾರ ಆಯ್ತು. ತಾಲ್ಲೂಕಿನಾಗ ಸೋಯಾ, ತೊಗರಿ, ಹೆಸರು, ಉದ್ದಿನ ಬಿತ್ತನೆ ಗಡಿಬಿಡಿ ನಡೆದದ. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಪಂಪು ರಿಪೇರಿ ಅಂಗಡಿಗಳಲ್ಲಿ ನಿಲ್ಲಲು ಜಾಗ ಇಲ್ಲ. ಈ ಅಂಗಡಿಗಳ ಯಾವ ಮೂಲೆಯಲ್ಲಿ ನೋಡಿದರೂ ಒಂದು ಹೆಸರು ಕಣ್ಣಿಗೆ ಬೀಳ್ತದ: ಕಿರ್ಲೋಸ್ಕರ್. ಪಂಪಿನ ಮೇಲೆ ಅದೇ, ಹಳೇ ಡೀಸೆಲ್ ಇಂಜಿನ್ ಮೇಲೆ ಅದೇ. ಇದು ಕಂಪನಿ ಹೆಸರು ಅಂತ ಎಲ್ಲರಿಗೂ ಗೊತ್ತು. ಅದರ ಹಿಂದೆ ಇರುವ ಮನುಷ್ಯ ನಮ್ಮ ಬೆಳಗಾವಿ ಜಿಲ್ಲೆಯವರು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಜೂನ್ 20 ಅವರು ಹುಟ್ಟಿದ ದಿನ.

ಈ ಕಥಿ ನೆನಪಾಗಲು ಕಾರಣ ಒಂದು ತಗಡಿನ ಡಬ್ಬಿ. ಮೊದಲು ಅದನ್ನು ಹೇಳಿಬಿಡ್ತೀನಿ.

ಗ್ಯಾರೇಜಿನಾಗ ನಡೆದದ್ದು

ಕಳೆದ ತಿಂಗಳು ನಮ್ಮ ದೊಡ್ಡಪ್ಪನ ಮಗನ ಗ್ಯಾರೇಜಿಗೆ ಒಂದು ಹಳೇ ಡೀಸೆಲ್ ಜೀಪು ಬಂತು. ಗಾಳಿ ಫಿಲ್ಟರ್ ಕೂಡುವ ಡಬ್ಬಿ ಒಡೆದುಹೋಗಿತ್ತು. ಹೊಸದು ಬೀದರ್‌ನಾಗೂ ಸಿಗಲಿಲ್ಲ, ಉದಗೀರ್‌ನಾಗೂ ಸಿಗಲಿಲ್ಲ. ಮಾಲೀಕರು ಪೈಪಿನ ಬಾಯಿಗೆ ಒಂದು ಹಳೇ ಬಟ್ಟೆ ಸುತ್ತಿ ಓಡಿಸ್ತಿದ್ದರು.

ಒಂದು ಲೀಟರ್ ಡೀಸೆಲ್ ಸುಡಲು ಇಂಜಿನ್‌ಗೆ ಕಡಿಮೆ ಅಂದರೂ 10 ಸಾವಿರ ಲೀಟರ್ ಗಾಳಿ ಬೇಕು. ಆ ಗಾಳಿ ಜೊತೆ ನಮ್ಮ ಹೊಲದ ದಾರಿಯ ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗು, ಲೈನರ್ ಎರಡೂ ಸವೆದು ಹೋಗ್ತಾವ. ಆಮೇಲೆ ಕಪ್ಪು ಹೊಗಿ, ಆಯಿಲ್ ಸುಡೋದು, ಕೊನೆಗೆ ಇಂಜಿನ್ ಬಿಚ್ಚೋದು.

ಅದಕ್ಕೆ ಅಣ್ಣ ತಾನೇ ಡಬ್ಬಿ ಮಾಡಲು ಕೂತ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫಿಲ್ಟರ್ ಒಂದನ್ನು ಮೊದಲು ತಂದು, ಅದರ ಅಳತೆಗೆ ಪತ್ರಾ ಕತ್ತರಿಸಿದ. ಮುಂದೆ ಎಂದಾದರೂ ಬದಲಿಸಬೇಕಾದರೆ ಅದೇ ಫಿಲ್ಟರ್ ಔರಾದನಾಗೇ ಸಿಗಬೇಕು ಅನ್ನೋದು ಲೆಕ್ಕ. ಒಳಗೆ ಎರಡು ಭಾಗ: ಒಂದು ಹೊಲಸು ಗಾಳಿದು, ಒಂದು ಸ್ವಚ್ಛ ಗಾಳಿದು, ನಡುವೆ ಫಿಲ್ಟರ್. ಹೊಲಸು ಭಾಗದ ತಳಕ್ಕೆ ನೀರು ಇಳಿಯಲು ಸಣ್ಣ ತೂತು. ಗಾಳಿ ಎಳೆಯುವ ಬಾಯಿ ರೇಡಿಯೇಟರ್ ಮತ್ತು ಸೈಲೆನ್ಸರ್ ಬಿಸಿಯಿಂದ ದೂರ, ಚಕ್ರದ ನೀರು ಸಿಡಿಯದಷ್ಟು ಮೇಲೆ. ಪೈಪಿಗೆ ಚೂಪು ಮಡಿಕೆ ಇಲ್ಲ, ಬಾಯಿ ಇಂಜಿನ್ ಪೈಪಿಗಿಂತ ಸಣ್ಣದಿಲ್ಲ.

ಮೊದಲನೇ ಡಬ್ಬಿ ಫೇಲ್ ಆಯ್ತು. ಇಂಜಿನ್ ಚಾಲು ಇಟ್ಟು ಡಬ್ಬಿ ಬಾಯಿಗೆ ಕಟ್ಟಿಗೆ ಹಲಗೆ ಒತ್ತಿ ಹಿಡಿದರೆ ಇಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ನಮ್ಮದು ಓಡುತ್ತಲೇ ಇತ್ತು. ಅಂದರೆ ಗಾಳಿ ಬೇರೆ ಎಲ್ಲಿಂದಲೋ ಕಳ್ಳದಾರಿಯಲ್ಲಿ ಬರ್ತಿತ್ತು. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಕೂಡಿಸಿ, ಕ್ಲಾಂಪ್ ಬಿಗಿದು, ಜೋಡಣಿ ಎಲ್ಲಾ ಮತ್ತೊಮ್ಮೆ ಮಾಡಿದ ಮೇಲೆ ಹಲಗೆ ಇಟ್ಟ ಕೂಡಲೇ ಇಂಜಿನ್ ನಿಂತಿತು.

ಆದರ ಜೀಪಿನವರಿಗೆ ನಂಬಿಕೆ ಬರಲಿಲ್ಲ. ಕಂಪನಿ ಮಾಲು ಬೇರೆ, ತಗಡಿನ ಡಬ್ಬಿ ಬೇರೆ ಅಂತ ಅರ್ಧ ರೊಕ್ಕ ಕೊಟ್ಟು ಹೋದರು. ಆ ರಾತ್ರಿ ಅಣ್ಣ ಅಂಗಡಿ ಮುಚ್ಚಿ ಹೈದರಾಬಾದಿಗೆ ಕೆಲಸಕ್ಕೆ ಹೋಗ್ತೀನಿ ಅಂದ. ಅವನಿಗೆ ಹೇಳಿದ ಕಥಿನೇ ಇಲ್ಲಿ ಬರೆದಿದ್ದೀನಿ.

ಬಣ್ಣ ಕಾಣದ ಚಿತ್ರಕಾರ

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರದ್ದೂ ಇದೇ ಊರು. ಮನೆಯಲ್ಲಿ ಮರಾಠಿ, ಸುತ್ತಮುತ್ತ ಕನ್ನಡ. ನಮ್ಮ ಔರಾದ, ಕಮಲನಗರ ಕಡೆ ಮಂದಿಗೆ ಇದನ್ನು ಬಿಡಿಸಿ ಹೇಳೋದು ಬೇಕಿಲ್ಲ.

ಹುಡುಗನಿಗೆ ಎರಡು ಹುಚ್ಚು: ಚಿತ್ರ ಬರೆಯೋದು, ಯಂತ್ರ ಬಿಚ್ಚೋದು. 1885ರಲ್ಲಿ ಮುಂಬೈನ ಜೆ.ಜೆ. ಕಲಾಶಾಲೆಗೆ ಸೇರಿದರು. ಅಲ್ಲಿ ಹೋದ ಮೇಲೆ ಗೊತ್ತಾಯ್ತು, ಅವರ ಕಣ್ಣಿಗೆ ಕೆಲವು ಬಣ್ಣ ಸರಿಯಾಗಿ ಕಾಣಲ್ಲ ಅಂತ. ಚಿತ್ರಕಾರ ಆಗಬೇಕು ಅಂತ ಮುಂಬೈ ತನಕ ಹೋದ ಹುಡುಗನಿಗೆ ಎಂಥಾ ಪೆಟ್ಟು ಅದು. ಡಿಗ್ರಿ ನಡುವೆ ಬಿಟ್ಟು ಕೂತ ನನ್ನಂಥವರಿಗೆ ಅದು ಸ್ವಲ್ಪ ಅರ್ಥ ಆಗ್ತದ.

ಅವರು ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯೋದನ್ನು ಕಲಿತರು. ಅದಕ್ಕೆ ಬಣ್ಣ ಬೇಕಿಲ್ಲ, ಅಳತೆ ಬೇಕು. ಅದೇ ವಿದ್ಯೆ ಮೇಲೆ ಮುಂಬೈನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರ ಕೆಲಸ ಸಿಕ್ಕಿತು. ಬಿಡುವಿದ್ದಾಗ ಅಲ್ಲಿನ ವರ್ಕ್‌ಶಾಪಿನಲ್ಲಿ ಯಂತ್ರಗಳ ಕೆಲಸ ಕೈಯಾರೆ ಕಲಿತರು. ಮುಂದೆ ತಮಗೆ ಬರಬೇಕಾದ ಬಡ್ತಿ ಇನ್ನೊಬ್ಬರಿಗೆ ಹೋದಾಗ ನೌಕರಿ ಬಿಟ್ಟು ಬೆಳಗಾವಿಗೆ ವಾಪಸ್ ಬಂದರು.

ಸೈಕಲ್ ಅಂಗಡಿಯಿಂದ ನೇಗಿಲಿಗೆ

ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣ ಇದ್ದರು. ಅಣ್ಣತಮ್ಮಂದಿರ ಸೈಕಲ್ ವ್ಯಾಪಾರ 1888ರಿಂದ ಶುರು ಅಂತ ಲೆಕ್ಕ. ಕಿರ್ಲೋಸ್ಕರ್ ಬ್ರದರ್ಸ್ ಅನ್ನೋ ಹೆಸರು ಹುಟ್ಟಿದ್ದು ಇಲ್ಲೇ. ಸೈಕಲ್ ಆಗ ಸಾಹೇಬರ ಮತ್ತು ಸಾಹುಕಾರರ ವಸ್ತು. ಮಾರೋದಷ್ಟೇ ಅಲ್ಲದೆ ಓಡಿಸೋದನ್ನೂ ಇವರೇ ಕಲಿಸ್ತಿದ್ದರು. ಆ ಅಂಗಡಿ ಇದ್ದ ರಸ್ತೆಗೆ ಬೆಳಗಾವಿಯಲ್ಲಿ ಇವತ್ತಿಗೂ ಕಿರ್ಲೋಸ್ಕರ್ ರೋಡ್ ಅಂತಾರ.

ಆದರೆ ಲಕ್ಷ್ಮಣರಾವ್ ಮನಸ್ಸು ಹೊಲದ ಕಡೆ ಇತ್ತು. ಮೊದಲು ದನಗಳ ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು.

ಇಲ್ಲಿಂದ ಅಂಗಡಿಕಾರರು ಸ್ವಲ್ಪ ಲಕ್ಷ್ಯ ಕೊಟ್ಟು ಓದ್ರಿ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರ್ತದ ಅಂತ ಆಗಿನ ರೈತರ ನಂಬಿಕೆ. ಕಟ್ಟಿಗೆ ನೇಗಿಲು ಬಿಟ್ಟು ಬೇರೆ ಮುಟ್ಟಲು ಯಾರೂ ತಯಾರಿಲ್ಲ. ಮೊದಲನೇ ನೇಗಿಲು ಮಾರಾಟ ಆಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ ಮಾಲು ಕಣ್ಣ ಮುಂದೆ ಬಿದ್ದಿರ್ತದ, ಹಾಕಿದ ರೊಕ್ಕ ಅದರೊಳಗೇ ಸಿಕ್ಕಿರ್ತದ. ಒಂದು ಸೀಜನ್ ಬೀಜ, ಗೊಬ್ಬರ ಹೋಗದಿದ್ದರೆ ನಮ್ಮ ವ್ಯಾಪಾರಸ್ಥರಿಗೆ ಏನಾಗ್ತದ ಅಂತ ನೆನೆಸಿಕೊಂಡರೆ ಆ ಎರಡು ವರ್ಷದ ತೂಕ ಗೊತ್ತಾಗ್ತದ. ರೈತರನ್ನು ಬೈದು ಕೂಡಲಿಲ್ಲ ಅವರು. ನೇಗಿಲನ್ನೇ ಇನ್ನಷ್ಟು ಸರಿಮಾಡುತ್ತಾ ಹೋದರು.

ಅಷ್ಟರಲ್ಲಿ ಇನ್ನೊಂದು ಪೆಟ್ಟು. ಊರು ಬೆಳೆಸಲು ಜಾಗ ಬೇಕಾಗಿ ಬೆಳಗಾವಿ ನಗರಸಭೆ ಅವರ ಕಾರ್ಖಾನೆ ಜಾಗ ಖಾಲಿ ಮಾಡಿಸಿತು. ಕಟ್ಟಿದ್ದೆಲ್ಲಾ ಕಿತ್ತುಕೊಂಡು ಹೊರಡಬೇಕಾಯ್ತು.

ಪಾಪಾಸುಕಳ್ಳಿ ನಡುವೆ ಊರು

ಔಂಧ್ ಅನ್ನೋದು ಆಗ ಒಂದು ಸಣ್ಣ ಸಂಸ್ಥಾನ. ಅಲ್ಲಿನ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಚಿತ್ರಕಲೆ ಪ್ರೇಮಿ, ಲಕ್ಷ್ಮಣರಾವ್ ಪರಿಚಯದವರು. ಕುಂಡಲ್ ರೋಡ್ ರೈಲ್ವೆ ಸ್ಟೇಷನ್ ಹತ್ತಿರ 32 ಎಕರೆ ಜಮೀನು, 10 ಸಾವಿರ ರೂಪಾಯಿ ಬಡ್ಡಿ ಇಲ್ಲದ ಸಾಲ ಕೊಟ್ಟರು. ಜಮೀನು ಅಂದರೆ ಕಲ್ಲು, ಪಾಪಾಸುಕಳ್ಳಿ, ನಾಗರಹಾವು. ನೀರಿಗೂ ತ್ರಾಸು.

1910ರಲ್ಲಿ 25 ಮಂದಿ ಕೆಲಸಗಾರರು ಮತ್ತು ಅವರ ಮನೆಮಂದಿ ಜೊತೆ ಅಲ್ಲಿಗೆ ಹೋದರು. ಕಾರ್ಖಾನೆ ಜೊತೆಗೇ ಮನೆ, ರಸ್ತೆ, ಶಾಲೆ ಎದ್ದವು. ಅದೇ ಇವತ್ತಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ. ಸ್ಟೇಷನ್ ಹೆಸರೂ ಮುಂದೆ ಅದೇ ಆಯ್ತು. ಅಲ್ಲಿ ಮುಟ್ಟು-ಮಡಿ ನಡೆಯದಂತೆ ನೋಡಿಕೊಂಡರು. ಜೈಲಿನಿಂದ ಬಿಡುಗಡೆಯಾದವರನ್ನು ಕಾವಲಿಗೆ ಇಟ್ಟುಕೊಂಡರು. ಬಸವಣ್ಣನವರ ಕಲ್ಯಾಣ ಇರುವ ನಮ್ಮ ಜಿಲ್ಲೆಯ ಓದುಗರಿಗೆ ಇದು ನೇಗಿಲಿಗಿಂತ ದೊಡ್ಡ ಕೆಲಸ ಅನ್ನಿಸಬಹುದು.

ನೇಗಿಲು ನಿಧಾನಕ್ಕೆ ಹೊಲ ಹೊಕ್ಕಿತು. ಆಮೇಲೆ ಕಬ್ಬು ಅರೆಯುವ ಗಾಣ, ಪಂಪು ಬಂದವು. ಅಮೆರಿಕದಲ್ಲಿ ಇಂಜಿನಿಯರಿಂಗ್ ಕಲಿತು ಬಂದ ಮಗ ಶಂತನುರಾವ್ ಜೊತೆಗೂಡಿದರು. 1941ರಲ್ಲಿ ನಮ್ಮ ಹರಿಹರದಲ್ಲಿ ಲೇತ್ ಮಷಿನ್ ಮಾಡುವ ಮೈಸೂರು ಕಿರ್ಲೋಸ್ಕರ್ ಎದ್ದಿತು. ಆ ಕಾರ್ಖಾನೆ ಈಗ ಬಾಗಿಲು ಮುಚ್ಚಿದೆ. 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜಿನ್, ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರ್ ಕಂಪನಿಗಳು ಹುಟ್ಟಿದವು.

ಲಕ್ಷ್ಮಣರಾವ್ ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26ರಂದು. ಅದಾದ 36 ದಿನಕ್ಕೆ, ನವೆಂಬರ್ 1ರಂದು, ಮುಂಬೈ ರಾಜ್ಯದಲ್ಲಿದ್ದ ಬೆಳಗಾವಿ ಮತ್ತು ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಬೀದರ್ ಒಂದೇ ರಾಜ್ಯ ಸೇರಿದವು. ಅವರ ಊರು, ನಮ್ಮ ಊರು ಒಂದೇ ನಕ್ಷೆಯಲ್ಲಿ ಬಂದದ್ದನ್ನು ಅವರು ನೋಡಲಿಲ್ಲ.

ಕೊನೆಗೆ ಡಬ್ಬಿ ಏನಾಯ್ತು

ಮೊನ್ನೆ ಅದೇ ಜೀಪು ಮತ್ತೆ ಗ್ಯಾರೇಜಿಗೆ ಬಂತು. ಸಂತಪುರ ದಾರಿಯಲ್ಲಿ ತಿಂಗಳು ಪೂರಾ ಓಡ್ಯಾದ. ಮಾಲೀಕರು ತಾವೇ ಮುಚ್ಚಳ ಬಿಚ್ಚಿ, ಫಿಲ್ಟರ್ ತೆಗೆದು, ಸ್ವಚ್ಛ ಗಾಳಿ ಬರುವ ಪೈಪಿನೊಳಗೆ ಬೆರಳು ಹಾಕಿ ಒರೆಸಿ ನೋಡಿದರು. ಬೆರಳಿಗೆ ಧೂಳು ಹತ್ತಿರಲಿಲ್ಲ. ಬಾಕಿ ರೊಕ್ಕ ಇನ್ನೂ ಕೊಟ್ಟಿಲ್ಲ. ಆದರ ತಮ್ಮ ಭಾವನ ಜೀಪಿಗೂ ಇಂಥದ್ದೇ ಒಂದು ಮಾಡಿಕೊಡು ಅಂತ ಹೇಳಿ ಹೋಗ್ಯಾರ.

ಅಣ್ಣ ಹೈದರಾಬಾದಿನ ಮಾತು ಪೂರಾ ಬಿಟ್ಟಿಲ್ಲ. ಈ ವಾರ ಮಾತ್ರ ಪತ್ರಾ ತರಲು ಬೀದರಿಗೆ ಹೋಗ್ಯಾನ.