ನಸುಕಿನ ನಾಲ್ಕು ಗಂಟೆ ಮತ್ತು ಮೌಲಾನಾ ಆಜಾದ್

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ನಮ್ಮ ವಿದ್ಯಾರ್ಥಿಗಳು ದಿನದ ಇಪ್ಪತ್ನಾಲ್ಕು ತಾಸುಗಳಲ್ಲಿ ಓದಿಗೆ ಇನ್ನಷ್ಟು ವೇಳೆ ಎಲ್ಲಿಂದ ತರಬೇಕೆಂದು ಹುಡುಕತೊಡಗುತ್ತಾರೆ. ಎಲ್ಲಕ್ಕಿಂತ ಮೊದಲು ಅವರ ಕಣ್ಣಿಗೆ ಬೀಳುವುದು ನಿದ್ರೆ. ಕೆಲವರು ರಾತ್ರಿ ಎರಡರವರೆಗೆ ಓದಿ ಮತ್ತೆ ಐದಕ್ಕೆ ಏಳುತ್ತಾರೆ. ಕೆಲವರು ಇಡೀ ರಾತ್ರಿ ಎಚ್ಚರವಿದ್ದು ಹಗಲು ಮಲಗುತ್ತಾರೆ. ನಾಲ್ಕು ತಾಸಿಗೊಮ್ಮೆ ಇಪ್ಪತ್ತು ನಿಮಿಷ ಮಲಗಿದರೆ ಸಾಕು, ದಿನಕ್ಕೆ ಎರಡೇ ತಾಸು ನಿದ್ರೆಯಲ್ಲಿ ಬದುಕಬಹುದು ಎಂಬ ವಿಚಿತ್ರ ಪದ್ಧತಿಯನ್ನು ಮೊಬೈಲಿನಲ್ಲಿ ನೋಡಿ ಪ್ರಯೋಗ ಮಾಡಲು ಹೊರಡುವವರೂ ಇದ್ದಾರೆ. ಮಹಾಪುರುಷರೆಲ್ಲ ನಿದ್ರೆಗೆಟ್ಟೇ ದೊಡ್ಡವರಾದರು ಎಂಬ ನಂಬಿಕೆ ಇದಕ್ಕೆಲ್ಲ ಬೆಂಬಲವಾಗಿದೆ. ಆದ್ದರಿಂದ ನಸುಕಿನ ನಾಲ್ಕು ಗಂಟೆಯನ್ನು ಜೀವನವಿಡೀ ತನ್ನದಾಗಿಸಿಕೊಂಡಿದ್ದ ಒಬ್ಬ ಮಹಾನ್ ವ್ಯಕ್ತಿಯ ಬದುಕನ್ನು ಇಲ್ಲಿ ಸ್ಮರಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ. ಅವರೇ ಸ್ವತಂತ್ರ ಭಾರತದ ಪ್ರಥಮ ಶಿಕ್ಷಣ ಸಚಿವರಾದ ಮೌಲಾನಾ ಅಬುಲ್ ಕಲಾಂ ಆಜಾದ್. ಕರ್ನಾಟಕ ಸರ್ಕಾರದ ಮೌಲಾನಾ ಆಜಾದ್ ಮಾದರಿ ಶಾಲೆಗಳ ಫಲಕದಲ್ಲಿ ನಮ್ಮ ಮಕ್ಕಳು ಓದುವ ಹೆಸರು ಇವರದೇ.

ಮೌಲಾನಾ ಅವರು 1888ರ ನವೆಂಬರ್ 11ರಂದು ಪವಿತ್ರ ಮಕ್ಕಾ ನಗರದಲ್ಲಿ ಜನಿಸಿದರು. ಮುಹಿಯುದ್ದೀನ್ ಅಹ್ಮದ್ ಎಂಬುದು ಅವರ ಹೆಸರು. ಆಜಾದ್ ಎಂಬುದು ಅವರೇ ಇಟ್ಟುಕೊಂಡ ಕಾವ್ಯನಾಮ. ತಂದೆ ಮೌಲಾನಾ ಖೈರುದ್ದೀನ್ ಪ್ರಸಿದ್ಧ ವಿದ್ವಾಂಸರು, ತಾಯಿ ಅರಬ್ ಮನೆತನದವರು. ಆಜಾದರು ಬಾಲಕರಿದ್ದಾಗಲೇ ಕುಟುಂಬ ಕಲ್ಕತ್ತೆಗೆ ಬಂದು ನೆಲೆಸಿತು. ತಂದೆಗೆ ಆಧುನಿಕ ಶಾಲೆಗಳಲ್ಲಿ ವಿಶ್ವಾಸವಿರಲಿಲ್ಲ. ಹೀಗಾಗಿ ಮಗನಿಗೆ ಮೊದಲು ತಾವೇ ಪಾಠ ಹೇಳಿ, ಅನಂತರ ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಉಸ್ತಾದರನ್ನು ಮನೆಗೇ ಕರೆಸಿದರು. ಫಾರ್ಸಿ, ಅರಬಿ, ತರ್ಕ, ರೇಖಾಗಣಿತ, ಬೀಜಗಣಿತಗಳನ್ನೆಲ್ಲ ಹುಡುಗ ಮನೆಯಲ್ಲೇ ಕಲಿತ. ಬೇರೆಯವರು ಇಪ್ಪತ್ತು ದಾಟಿದ ಮೇಲೆ ಮುಗಿಸುತ್ತಿದ್ದ ಪಠ್ಯಕ್ರಮವನ್ನು ಅವರು ಹದಿನಾರರ ಸುಮಾರಿಗೆ ಪೂರ್ಣಗೊಳಿಸಿದರು. ಕಲಿತವನು ಕಲಿಸಿ ತೋರಿಸಬೇಕೆಂಬುದು ಆಗಿನ ಪದ್ಧತಿ. ತಂದೆ ಸುಮಾರು ಹದಿನೈದು ವಿದ್ಯಾರ್ಥಿಗಳನ್ನು ಸೇರಿಸಿಕೊಟ್ಟರು. ಹದಿಹರೆಯದ ಆಜಾದರು ಅವರಿಗೆ ಗುರುವಾದರು.

ಮುಂದೆ ಸರ್ ಸೈಯದ್ ಅಹ್ಮದ್ ಖಾನರ ಬರಹಗಳನ್ನು ಓದಿದಾಗ, ಆಧುನಿಕ ವಿಜ್ಞಾನ ಹಾಗೂ ಸಾಹಿತ್ಯದ ಪರಿಚಯವಿಲ್ಲದೆ ಶಿಕ್ಷಣ ಪೂರ್ಣವಾಗದು ಎಂದು ಅವರಿಗೆ ಮನವರಿಕೆಯಾಯಿತು. ಇಂಗ್ಲಿಷ್ ಅಕ್ಷರಗಳನ್ನು ಪರಿಚಿತ ಮೌಲವಿಯೊಬ್ಬರಿಂದ ಕಲಿತರು. ಮುಂದಿನದು ಸ್ವಂತ ಪ್ರಯತ್ನ. ಬೈಬಲ್ಲಿನ ಇಂಗ್ಲಿಷ್, ಫಾರ್ಸಿ, ಉರ್ದು ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರು. ನಿಘಂಟಿನ ನೆರವಿನಿಂದ ಪತ್ರಿಕೆಗಳನ್ನು ಬಿಡಿಸಿದರು. ಕಾಲೇಜಿನ ಮೆಟ್ಟಿಲು ಹತ್ತದೆ ಅವರು ಪಡೆದ ವಿದ್ಯೆ ಇದು. ಒಂದೆರಡು ರಾತ್ರಿಗಳ ಜಾಗರಣೆಯಿಂದ ಇಂತಹ ವಿದ್ಯೆ ಬರುವುದಿಲ್ಲ, ವರ್ಷಾನುಗಟ್ಟಲೆ ಪ್ರತಿದಿನ ನಿಗದಿತ ವೇಳೆಗೆ ಕುಳಿತಾಗ ಬರುತ್ತದೆ.

1912ರ ಜುಲೈನಲ್ಲಿ ಕಲ್ಕತ್ತೆಯಿಂದ ಅಲ್ ಹಿಲಾಲ್ ಎಂಬ ಉರ್ದು ವಾರಪತ್ರಿಕೆಯನ್ನು ಆರಂಭಿಸಿದಾಗ ಆಜಾದರಿಗೆ ಇನ್ನೂ ಇಪ್ಪತ್ತಮೂರು ವರ್ಷ. ಬ್ರಿಟಿಷ್ ಸರ್ಕಾರ ಅದನ್ನು ಸಹಿಸಲಿಲ್ಲ. 1916ರಲ್ಲಿ ಅವರನ್ನು ಬಂಗಾಳದಿಂದ ಗಡೀಪಾರು ಮಾಡಿ ರಾಂಚಿಯಲ್ಲಿ ಬಂಧನದಲ್ಲಿರಿಸಿತು. ಆ ವರ್ಷಗಳಲ್ಲಿ ಅವರು ಪವಿತ್ರ ಕುರ್‌ಆನಿನ ಅನುವಾದ ಹಾಗೂ ವಿವರಣೆಯ ಕೆಲಸದಲ್ಲಿ ತೊಡಗಿದರು. ಅದೇ ಮುಂದೆ ತರ್ಜುಮಾನುಲ್ ಕುರ್‌ಆನ್ ಎಂದು ಪ್ರಸಿದ್ಧವಾಯಿತು. 1923ರಲ್ಲಿ ದೆಹಲಿಯಲ್ಲಿ ನಡೆದ ಕಾಂಗ್ರೆಸ್ಸಿನ ವಿಶೇಷ ಅಧಿವೇಶನಕ್ಕೆ ಮೂವತ್ತನಾಲ್ಕರ ವಯಸ್ಸಿನಲ್ಲಿ ಅಧ್ಯಕ್ಷರಾದರು. 1940ರಿಂದ 1946ರವರೆಗೆ ಮತ್ತೆ ಅಧ್ಯಕ್ಷ ಪದವಿಯ ಭಾರ ಹೊತ್ತರು.

ಇಷ್ಟೆಲ್ಲ ಕೆಲಸದ ನಡುವೆ ಓದು ಬರಹಕ್ಕೆ ಅವರು ವೇಳೆ ಹೊಂದಿಸಿಕೊಂಡದ್ದು ನಸುಕಿನಲ್ಲಿ. ರಾತ್ರಿ ಬೇಗ ಮಲಗುವುದು, ಊರು ಇನ್ನೂ ಮಲಗಿರುವಾಗಲೇ ನಾಲ್ಕರ ಸುಮಾರಿಗೆ ಏಳುವುದು, ತಾವೇ ಚಹಾ ಸಿದ್ಧಪಡಿಸಿಕೊಂಡು ಬರೆಯಲು ಕೂರುವುದು ಅವರ ರೂಢಿ. ಆ ಚಹಾ ಮಲ್ಲಿಗೆಯ ಪರಿಮಳದ ಚೀನೀ ಚಹಾ. ನಮ್ಮ ಭಾಗದವರಿಗೆ ಆಶ್ಚರ್ಯವಾಗಬಹುದು, ಚಹಾಕ್ಕೆ ಹಾಲು ಬೆರೆಸುವುದನ್ನು ಅವರು ಅಪರಾಧವೆಂಬಂತೆ ಕಾಣುತ್ತಿದ್ದರು!

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೌಲಾನಾ ನಾಲ್ಕಕ್ಕೆ ಏಳುತ್ತಿದ್ದರೆಂಬುದನ್ನು ಎಲ್ಲರೂ ನೆನಪಿಡುತ್ತಾರೆ, ರಾತ್ರಿ ಬೇಗ ಮಲಗುತ್ತಿದ್ದರೆಂಬುದನ್ನು ಮರೆಯುತ್ತಾರೆ. ಅವರು ನಿದ್ರೆಯನ್ನು ಕತ್ತರಿಸಿ ವೇಳೆ ಗಳಿಸಲಿಲ್ಲ. ಮಾತುಕತೆ, ಕೂಟಗಳಲ್ಲಿ ಕಳೆದುಹೋಗುವ ರಾತ್ರಿಯ ಹೊತ್ತನ್ನು ನಿದ್ರೆಗೆ ಕೊಟ್ಟು, ಯಾರೂ ತೊಂದರೆ ಕೊಡದ ನಸುಕನ್ನು ಓದಿಗೆ ಪಡೆದರು.

ರಾತ್ರಿಯ ಆ ನಿದ್ರೆ ಸಿಗದಿದ್ದಾಗ ಏನಾಯಿತೆಂಬುದಕ್ಕೂ ಅವರ ಜೀವನದಲ್ಲೇ ನಿದರ್ಶನವಿದೆ. 1942ರ ಆಗಸ್ಟ್ 8ರ ರಾತ್ರಿ ಮುಂಬೈಯಲ್ಲಿ ಕ್ವಿಟ್ ಇಂಡಿಯಾ ಗೊತ್ತುವಳಿ ಅಂಗೀಕಾರವಾಯಿತು. ಅಧ್ಯಕ್ಷರಾದ ಆಜಾದರು ಬಹಳ ದಣಿದು, ತಡವಾಗಿ ತಾವು ಇಳಿದುಕೊಂಡಿದ್ದ ಭೂಲಾಭಾಯಿ ದೇಸಾಯಿಯವರ ಮನೆಗೆ ಮರಳಿದರು. ರೂಢಿಯಂತೆ ನಾಲ್ಕಕ್ಕೆ ಎಚ್ಚರವಾಯಿತು, ಆದರೆ ತಲೆ ಭಾರವಾಗಿತ್ತು. ಎರಡು ಆಸ್ಪಿರಿನ್ ಮಾತ್ರೆ ನುಂಗಿ, ಚಹಾ ಕುಡಿದು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಗೊತ್ತುವಳಿಯೊಡನೆ ಕಳಿಸಬೇಕಾದ ಪತ್ರ ಬರೆಯಲು ಕುಳಿತರು. ದೇಶದ ಚರಿತ್ರೆಯಲ್ಲೇ ಮಹತ್ವದ ಆ ಮುಂಜಾವಿನಲ್ಲಿಯೂ ಪತ್ರ ಮುಗಿಯಲಿಲ್ಲ. ಕಣ್ಣು ಮುಚ್ಚಿಕೊಂಡವು, ಅವರು ಮತ್ತೆ ಮಲಗಿಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಮನೆಯವರು ಎಬ್ಬಿಸಿದಾಗ ಬಂಧನದ ವಾರಂಟಿನೊಂದಿಗೆ ಪೊಲೀಸ್ ಅಧಿಕಾರಿ ಬಂದಿದ್ದರು. ಈ ಸಂಗತಿಯನ್ನು ಮೌಲಾನಾ ತಮ್ಮ ಇಂಡಿಯಾ ವಿನ್ಸ್ ಫ್ರೀಡಂ ಗ್ರಂಥದಲ್ಲಿ ಯಾವ ಸಂಕೋಚವೂ ಇಲ್ಲದೆ ದಾಖಲಿಸಿದ್ದಾರೆ. ಇಡೀ ಆಯುಷ್ಯದ ಅಭ್ಯಾಸವಿದ್ದ ಅವರ ಸ್ಥಿತಿಯೇ ಹೀಗಾದರೆ, ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಜಾಗರಣೆ ಮಾಡುವ ಹುಡುಗನ ಪಾಡೇನು?

ಅಲ್ಲಿಂದ ಅವರನ್ನು ಅಹಮದ್‌ನಗರ ಕೋಟೆಗೆ ಒಯ್ದರು. ಅಂದು ನಮ್ಮ ಧಾರವಾಡ ಜಿಲ್ಲೆಯಂತೆ ಅದೂ ಮುಂಬೈ ಪ್ರಾಂತಕ್ಕೆ ಸೇರಿತ್ತು. ಈಗ ಆ ಊರಿಗೆ ಅಹಿಲ್ಯಾನಗರ ಎಂದು ಹೆಸರಾಗಿದೆ. ಪಂಡಿತ ನೆಹರೂ, ಸರ್ದಾರ್ ಪಟೇಲ್ ಮುಂತಾದವರೂ ಅಲ್ಲಿದ್ದರು. ಮಾಡಲು ಬೇರೆ ಕೆಲಸವಿಲ್ಲದ ಸೆರೆಮನೆಯಲ್ಲಿ ದಿನಚರಿ ಕೆಡುವುದು ಬಹಳ ಸುಲಭ. ಆದರೆ ಮೌಲಾನಾ ಅದನ್ನು ಕೆಡಲು ಬಿಡಲಿಲ್ಲ. ಅದೇ ನಸುಕು, ಅದೇ ಚಹಾ, ಅದೇ ಲೇಖನಿ. ತಮ್ಮ ಮಿತ್ರ ಹಬೀಬುರ್ರಹಮಾನ್ ಖಾನ್ ಶೇರ್ವಾನಿಯವರನ್ನು ಉದ್ದೇಶಿಸಿ ಅಲ್ಲಿ ಬರೆದ, ಆಗ ಕಳಿಸಲಾಗದ ಪತ್ರಗಳು 1946ರಲ್ಲಿ ಗುಬಾರ್-ಎ-ಖಾತಿರ್ ಎಂಬ ಗ್ರಂಥವಾಗಿ ಹೊರಬಂದವು. ಉರ್ದು ಗದ್ಯದ ಶ್ರೇಷ್ಠ ಕೃತಿಗಳಲ್ಲಿ ಅದೊಂದು. ಕಲ್ಕತ್ತೆಯಲ್ಲಿ ಅಸ್ವಸ್ಥರಾಗಿದ್ದ ಪತ್ನಿ ಜುಲೇಖಾ ಬೇಗಂ 1943ರ ಏಪ್ರಿಲ್ 9ರಂದು ನಿಧನರಾದರು. ಪತ್ನಿಯನ್ನು ನೋಡಲು ಬಿಡಿರೆಂದು ಮೌಲಾನಾ ಸರ್ಕಾರವನ್ನು ಬೇಡಲಿಲ್ಲ. ಒಳಗೆ ಎಷ್ಟೇ ನೋವಿದ್ದರೂ ದಿನಚರಿಯ ವೇಳೆಗಳನ್ನು ತಪ್ಪಿಸಲಿಲ್ಲ. ದುಃಖದ ದಿನಗಳಲ್ಲಿ ಆ ಶಿಸ್ತೇ ಅವರಿಗೆ ಊರುಗೋಲಾಯಿತು. 1945ರ ಜೂನ್‌ನಲ್ಲಿ ಅವರ ಬಿಡುಗಡೆಯಾಯಿತು.

ಸ್ವಾತಂತ್ರ್ಯಾನಂತರ ಶಿಕ್ಷಣ ಸಚಿವರಾಗಿ ಅವರು ಹಾಕಿದ ಬುನಾದಿಯ ಮೇಲೆ ಇಂದಿಗೂ ನಮ್ಮ ಶಿಕ್ಷಣ ನಿಂತಿದೆ. 1948ರಲ್ಲಿ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, 1951ರಲ್ಲಿ ಖರಗ್‌ಪುರದ ಐ.ಐ.ಟಿ., 1952ರಲ್ಲಿ ಮೊದಲಿಯಾರ್ ಆಯೋಗ, 1953ರಲ್ಲಿ ಯು.ಜಿ.ಸಿ., 1954ರಲ್ಲಿ ಸಾಹಿತ್ಯ ಅಕಾಡೆಮಿ ಇವೆಲ್ಲ ಅವರ ಅವಧಿಯವು. 1958ರ ಫೆಬ್ರವರಿ 22ರಂದು ಅವರು ಇಹಲೋಕ ತ್ಯಜಿಸಿದರು. 1992ರಲ್ಲಿ ಮರಣೋತ್ತರವಾಗಿ ಭಾರತರತ್ನ ಪ್ರದಾನವಾಯಿತು. 2008ರಿಂದ ಅವರ ಜನ್ಮದಿನವನ್ನು ರಾಷ್ಟ್ರೀಯ ಶಿಕ್ಷಣ ದಿನವಾಗಿ ಆಚರಿಸಲಾಗುತ್ತಿದೆ.

ಪ್ರಿಯ ವಿದ್ಯಾರ್ಥಿಗಳೇ, ಈ ಜೀವನದಿಂದ ನಾವು ಕಲಿಯಬೇಕಾದದ್ದು ಸ್ಪಷ್ಟ. ಹಗಲು ಓದಿದ್ದನ್ನು ಮಿದುಳು ಗಟ್ಟಿಗೊಳಿಸಿಕೊಳ್ಳುವುದು ನಿದ್ರೆಯಲ್ಲಿ ಎಂದು ವಿಜ್ಞಾನ ಹೇಳುತ್ತದೆ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ತಾಸು ನಿದ್ರೆ ಬೇಕೆಂಬುದು ತಜ್ಞರ ಅಭಿಪ್ರಾಯ. ನಿದ್ರೆಯನ್ನು ತುಂಡು ತುಂಡು ಮಾಡಿ ಒಟ್ಟು ಅವಧಿಯನ್ನು ಕಡಿಮೆ ಮಾಡುವ ಪದ್ಧತಿಗಳನ್ನು ಅಮೆರಿಕದ ನಿದ್ರಾತಜ್ಞರ ಮಂಡಳಿಯೊಂದು 2021ರಲ್ಲಿ ಪರಿಶೀಲಿಸಿ, ಅವುಗಳಿಂದ ಲಾಭಕ್ಕೆ ಆಧಾರವಿಲ್ಲ, ಹಾನಿಯೇ ಇದೆ ಎಂದು ತಿಳಿಸಿದೆ. ಹದಿಹರೆಯದಲ್ಲಿ ದೇಹಕ್ಕೆ ನಿದ್ರೆ ಬರುವುದೇ ಸ್ವಲ್ಪ ತಡ. ಹೀಗಾಗಿ ಮಲಗುವ ವೇಳೆ ಬದಲಿಸದೆ ಮಗುವನ್ನು ನಾಲ್ಕಕ್ಕೆ ಎಬ್ಬಿಸಿ ಕೂರಿಸಿದರೆ ಪುಸ್ತಕ ತೆರೆದಿರುತ್ತದೆ, ಮಿದುಳು ಮಲಗಿರುತ್ತದೆ. ಪಾಲಕರು ಇದನ್ನು ಗಮನಿಸಬೇಕು.

ನಮ್ಮ ದೀನ್ ಈ ಮಾತನ್ನು ಎಂದೋ ಕಲಿಸಿದೆ. ರಾತ್ರಿಯಿಡೀ ನಮಾಜಿನಲ್ಲೇ ನಿಲ್ಲುತ್ತಿದ್ದ ಹಜರತ್ ಅಬ್ದುಲ್ಲಾ ಬಿನ್ ಅಮ್ರ್ ಅವರಿಗೆ ಪ್ರವಾದಿ ಮುಹಮ್ಮದ್ (ಸ.ಅ.) ಅವರು ದೇಹಕ್ಕೂ ಕಣ್ಣಿಗೂ ಅವುಗಳ ಹಕ್ಕು ಇದೆಯೆಂದು ತಿಳಿಹೇಳಿದರು. ಇಶಾ ನಮಾಜಿನ ನಂತರ ವ್ಯರ್ಥ ಮಾತುಕತೆಯನ್ನು ಅವರು ಇಷ್ಟಪಡುತ್ತಿರಲಿಲ್ಲ. ಇಂದು ಆ ಮಾತುಕತೆಯ ಸ್ಥಾನದಲ್ಲಿ ಮೊಬೈಲ್ ಕುಳಿತಿದೆ. ಇಬಾದತ್ತಿಗಾಗಿಯೇ ಇಡೀ ರಾತ್ರಿ ಎಚ್ಚರವಿರುವುದನ್ನು ಒಪ್ಪದ ಧರ್ಮ, ಅಂಕಗಳಿಗಾಗಿ ಶರೀರವನ್ನು ದಂಡಿಸಲು ಒಪ್ಪೀತೇ?

ರಂಜಾನಿನ ಸಂಗತಿಯನ್ನು ವಿಶೇಷವಾಗಿ ಹೇಳಬೇಕು. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾದಾಗ ರಂಜಾನ್ ನಡೆದಿತ್ತು. ಹೀಗೆ ಪರೀಕ್ಷೆ ಮತ್ತು ರೋಜಾ ಕೂಡಿ ಬಂದಾಗ ಸೆಹರಿಯವರೆಗೆ ಎಚ್ಚರವಿದ್ದು ಓದುವುದು ಜಾಣತನವಲ್ಲ. ತರಾವೀಹ್ ಮುಗಿದ ಕೂಡಲೇ ಮಲಗಿ, ಸೆಹರಿಗೆ ಎದ್ದು, ಫಜ್ರ್ ನಂತರ ಓದಿ, ಮಧ್ಯಾಹ್ನ ಕೈಲೂಲಾ ಅಂದರೆ ಅಲ್ಪ ನಿದ್ರೆ ಮಾಡುವುದು ಮೇಲು. ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು. ರಾತ್ರಿ ಪಾತ್ರೆ ತೊಳೆದು ಕೊನೆಗೆ ಮಲಗುವವಳೂ ಅವಳೇ, ಸೆಹರಿಗೆ ಅಮ್ಮಿಯ ಜೊತೆ ಮೊದಲು ಏಳುವವಳೂ ಅವಳೇ. ಪರೀಕ್ಷೆಯ ತಿಂಗಳಲ್ಲಾದರೂ ಮನೆಯ ಗಂಡುಮಕ್ಕಳು ಆ ಕೆಲಸ ಹಂಚಿಕೊಂಡರೆ, ಮಗಳಿಗೆ ನಾವು ಕೊಡುವ ಅತ್ಯುತ್ತಮ ಟ್ಯೂಷನ್ ಅದೇ ಆಗುತ್ತದೆ.

ಮೌಲಾನಾ ಅವರಂತಾಗಬೇಕೆಂಬ ಆಸೆಯಿದ್ದರೆ ಗಡಿಯಾರದ ಗಂಟೆಯನ್ನು ನಾಲ್ಕಕ್ಕೆ ಇಡುವುದಕ್ಕಿಂತ ಮೊದಲು, ಇಶಾ ಆದ ಮೇಲೆ ಮೊಬೈಲನ್ನು ಬದಿಗಿಟ್ಟು ಒಂಬತ್ತಕ್ಕೆ ದೀಪ ಆರಿಸುವುದನ್ನು ರೂಢಿಸಿಕೊಳ್ಳಿ. ಎಂಟು ತಾಸು ಮಲಗಿ ಐದಕ್ಕೆ ಎದ್ದರೂ ನಸುಕು ನಿಮ್ಮದೇ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ವಿದ್ಯೆಯನ್ನೂ ಆರೋಗ್ಯವನ್ನೂ ಸಮಯದ ಅರಿವನ್ನೂ ಕರುಣಿಸಲಿ. ಆಮೀನ್.